ಅಜ್ಜಿಯ ಪಥ್ಯ

ಶಿರವಾಡ, ಕಾರವಾರ
೧೨ ನವೆಂಬರ್ ೨೦೦೬

ದೀಕ್ಷಾಳ ಅಪ್ಪನಿಗೆ,

ಇಲ್ಲಿ ರೈಲು ಹೋದ ಮೇಲೂ ತುಸು ಹೊತ್ತು ಗೋಡೆ ನಡುಗುತ್ತಿರುತ್ತದೆ. ಮಗಳು ಅದಕ್ಕೆ ಕೆನ್ನೆಯಿಟ್ಟು ಕೇಳುತ್ತಾಳೆ. ಮೂರು ತುಂಬಿದವಳನ್ನು ಎತ್ತಿಕೊಂಡರೆ ಒಣಗಿದ ಬಟ್ಟೆ ಎತ್ತಿಕೊಂಡಂತೆ.

ಕೇಣಿಯ ನಿಮ್ಮ ಮನೆಯಲ್ಲಿ ಅವಳ ಪ್ರತಿ ನೋವೂ ಹೋಗುವಾಗ ಒಂದು ತಿನಿಸನ್ನು ಕರೆದುಕೊಂಡು ಹೋಗುತ್ತಿತ್ತು. ಮೊಣಕಾಲು ಹಿಡಿದ ದಿನ ಮೊಸರು ತಿಂದಿದ್ದಳೆಂದು ಮೊಸರು ಹೋಯಿತು. ಕೈ ಊದಿದಾಗ ಬಾಳೆಹಣ್ಣು. ಆಮೇಲೆ ಮೊಟ್ಟೆ, ಬಂಗಡೆ ಮೀನು. ಉಳಿದದ್ದು ಗಂಜಿ, ಉಪ್ಪು. ಅವೆಲ್ಲ ವಾಯು, ತಂಪು, ಅವಳಿಗೆ ಆಗುವುದಿಲ್ಲ ಎನ್ನುತ್ತಿದ್ದರು ಅತ್ತೆ. ಮೊಮ್ಮಗಳಿಗಿಲ್ಲದ್ದು ತನಗೂ ಬೇಡವೆಂದು ಅವರೂ ಒಂದೊಂದನ್ನೇ ಬಿಟ್ಟರು. ಮೀನು ಮಾರುವ ಬೊಮ್ಮಿ ನಮ್ಮ ಅಂಗಳ ದಾಟುವಾಗ, ಈ ಮನೆಯವರು ಯಾವಾಗ ಭಟ್ರಾದ್ರು ಎಂದು ನಮಗೆ ಕೇಳಿಸುವಂತೆಯೇ ಆಡಿಕೊಳ್ಳುತ್ತಿದ್ದಳು. ನೀವು ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. ಮಗಳು ಅಂಗಳದ ಮಣ್ಣು ನೆಕ್ಕುವುದನ್ನು ಕಂಡ ದಿನ ನಾನು ಅವಳನ್ನೆತ್ತಿಕೊಂಡು ಬಸ್ಸು ಹತ್ತಿದೆ.

ಇಲ್ಲಿಯ ಡಾಕ್ಟರು ರಕ್ತ ನೋಡಿ ಹೇಳಿದರು. ಅವಳ ರಕ್ತದ ಕಣಗಳು ಕುಡುಗೋಲಿನಂತೆ ಬಾಗಿ ಬೇಗ ಒಡೆಯುತ್ತವೆಯಂತೆ. ಹೊಸವನ್ನು ಮಾಡುತ್ತ ಮಾಡುತ್ತ ಮೈ ಉಂಡದ್ದನ್ನೆಲ್ಲ ಮುಗಿಸಿಬಿಡುತ್ತದೆ. ಜ್ವರ, ನೋವು ಇದ್ದಾಗ ಹೇಗೂ ಉಣ್ಣುವುದಿಲ್ಲ; ಚೆನ್ನಾಗಿರುವಾಗ ಬೇರೆ ಮಕ್ಕಳಿಗಿಂತ ಹೆಚ್ಚು ಉಣ್ಣಬೇಕು. ನೋವಿಗೂ ಮೊಸರಿಗೂ ಸಂಬಂಧವಿಲ್ಲ. ಹೀಗೇ ಬಿಟ್ಟರೆ ಇನ್ನೊಂದು ಜ್ವರವನ್ನು ಅವಳು ತಡೆಯಲಾರಳು ಎಂದರು. ರೋಗ ಅರ್ಧ ನಿಮ್ಮಿಂದ, ಅರ್ಧ ನನ್ನಿಂದ ಬಂದದ್ದು. ಮದುವೆಯಾದ ಮೇಲೆ ನಾವಿಬ್ಬರೂ ಸಮಸಮವಾಗಿ ಕೊಟ್ಟದ್ದು ಅದೊಂದೇ ಇರಬೇಕು.

ನನಗೊಂದು ಕನಸು ಬೀಳುತ್ತದೆ. ಬಿಟ್ಟ ತಿನಿಸುಗಳೆಲ್ಲ ದೋಣಿಯಲ್ಲಿ ಕೂತು ಕೇಣಿಯ ದಂಡೆಯಿಂದ ದೂರ ಹೋಗುತ್ತಿವೆ. ಅತ್ತೆ ಮೊಣಕಾಲು ನೀರಿನಲ್ಲಿ ನಿಂತು ಕೈ ಬೀಸುತ್ತಾರೆ. ಕಳಿಸುತ್ತಿದ್ದಾರೋ, ತಿರುಗಿ ಕರೆಯುತ್ತಿದ್ದಾರೋ ತಿಳಿಯುವುದಿಲ್ಲ. ಸಮುದ್ರಕ್ಕೆ ಸದ್ದಿಲ್ಲ.

ಇಲ್ಲಿ ದಿನವೂ ಮೊಸರಿದೆ, ಮೊಟ್ಟೆಯಿದೆ, ಮೀನಿದೆ. ಅವಳಿಗೆ ಯಾವುದೂ ಕಡಿಮೆಯಿಲ್ಲ. ನಾವು ಸದ್ಯ ಬರುವುದಿಲ್ಲ. ನೀವೂ ಬರುವುದು ಬೇಡ.

ಇಂತಿ,
ಜಯಂತಿ

ತಾ.ಕ.: ಮೀನಿದೆ ಎಂದು ಬರೆದೆ, ತಿನ್ನುತ್ತಾಳೆಂದು ಬರೆಯಲಿಲ್ಲ. ತಟ್ಟೆ ಇಟ್ಟರೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕೂರುತ್ತಾಳೆ. ನಿನ್ನೆ ಹೇಳಿದಳು: “ಅಜ್ಜಿ ತಿನ್ಲಿ. ಅಜ್ಜಿ ತಿಂದ್ರೆ ನಾನೂ ತಿಂತೆ.” ಡಾಕ್ಟರು ಹೇಳಿದ್ದನ್ನು ಅತ್ತೆಗೆ ಓದಿ ಹೇಳಿ, ಅವರನ್ನು ಬೇಗ ಕಳಿಸಿ. ಅವರು ಎಂದೂ ಒಬ್ಬರೇ ಬಸ್ಸಿನಲ್ಲಿ ಬಂದವರಲ್ಲ. ಬಂಗಡೆ ಹುರಿದಿಡುತ್ತೇನೆ. ಎಷ್ಟು ತಟ್ಟೆ ಹಾಕಬೇಕೆಂದು ನೀವೇ ತಿಳಿಸಿ.