ಪೆಟ್ಟಿಗೆಯೊಳಗೆ ಅಲಾರಂ

ಮಾರ್ಚ್ ೩, ಮಂಗಳವಾರ

ಗ್ಯಾಸ್ ಆಫ್ ಮಾಡಿದೆ. ಹೋಗಿ ನೋಡಿದೆ. ಆಫ್ ಆಗಿತ್ತು. ಬೀದಿ ತಿರುವಿನ ತನಕ ಹೋಗಿ ಮತ್ತೆ ವಾಪಸ್… ಬಾಗಿಲಲ್ಲಿ ಅಕ್ಕ ಕೈ ಕಟ್ಟಿಕೊಂಡು ನಿಂತಿದ್ದಳು.

"ಬಾರೇ ತಾಯಿ, ನೋಡ್ಕೊಂಡೇ ಹೋಗು. ಒಲೆಗೂ ನಿನ್ನ ಮುಖ ನೋಡಿ ನೋಡಿ ಸಾಕಾಗಿರತ್ತೆ."

ನೋಡಿಕೊಂಡೇ ಹೋದೆ.

ಇವತ್ತು ಕೆಲಸದಲ್ಲಿ ಹೊಸ ಯಂತ್ರ ಬಂತು. ಜನ ಮಾರಿದ ಹಳೇ ಫೋನುಗಳನ್ನು ಒರೆಸಿ, ರಿಪೇರಿ ಮಾಡಿ, ಮತ್ತೆ ಮಾರುವುದು ನಮ್ಮ ಕಂಪನಿಯ ಕೆಲಸ. ಅದರಲ್ಲಿ ನನ್ನ ಪಾಲು ಅಳಿಸುವುದು. ಯಾರದೋ ಮದುವೆ ಫೋಟೋ, ಯಾರದೋ ಜಗಳದ ಮೆಸೇಜು, ಎಲ್ಲ ಅಳಿಸಿ ಫೋನನ್ನು ಹುಟ್ಟಿದ ದಿನದ ಹಾಗೆ ಮಾಡಬೇಕು. ಇಷ್ಟು ದಿನ ಒಂದೊಂದನ್ನೇ ಕೈಯಲ್ಲಿ ಹಿಡಿದು ಮಾಡುತ್ತಿದ್ದೆವು. ಈಗ ಈ ಕಪ್ಪು ಡಬ್ಬಿ. ಒಂದು ಸಾಲು ಕೇಬಲ್, ಒಂದೊಂದು ಕೇಬಲ್‌ಗೂ ಒಂದು ಪುಟ್ಟ ದೀಪ. ಫೋನ್ ಸಿಕ್ಕಿಸಿದರೆ ಕೆಂಪು — ಅಳಿಸುತ್ತಿದೆ. ಮುಗಿದರೆ ಹಸಿರು. ಹಸಿರು ಬಂದ ಫೋನಿಗೆ ಹಸಿರು ಚುಕ್ಕಿ ಅಂಟಿಸಿ ಪೆಟ್ಟಿಗೆಗೆ ಹಾಕಿ ಸೀಲ್ ಮಾಡುವುದು. ಅಷ್ಟೇ.

ಎಂಥ ಚೆಂದದ ಡಬ್ಬಿ. ಅಂಚು ಎಷ್ಟು ನಯವಾಗಿ ಉಜ್ಜಿದ್ದಾರೆ ಎಂದರೆ ಬೆರಳು ತಾನಾಗಿ ಜಾರುತ್ತದೆ. ಫ್ಯಾನಿನ ಸದ್ದೂ ಇಲ್ಲ. ಹಾಗೇ ಸವರುತ್ತಾ ನಿಂತಿದ್ದೆ.

ಪಕ್ಕದ ಟೇಬಲ್‌ನ ಎಕ್ಸ್‌ಪ್ರೆಸ್ ಅಂದ, "ಡೌಟು, ಮದುವೆ ಆಗ್ಬಿಡು ಅದನ್ನ. ಹಸಿರು ದೀಪ ಬಂದ್ರೆ ಗಂಡಿನ ಕಡೆಯವರು ಒಪ್ಪಿದ್ರು ಅಂತ."

ಇಲ್ಲಿ ನನ್ನನ್ನು ಡೌಟು ಅಂತಲೇ ಕರೆಯುವುದು. ಅವನ ಕೈ ಓಡುವ ವೇಗಕ್ಕೆ ಅವನು ಎಕ್ಸ್‌ಪ್ರೆಸ್.

ಮಾರ್ಚ್ ೪, ಊಟದ ಹೊತ್ತು

ಬುತ್ತಿ ಊಟ ಮಾಡುತ್ತಾ ಆ ಯಂತ್ರದ ವಿಡಿಯೋ ಹುಡುಕಿ ನೋಡಿದೆ. ಒಬ್ಬ ಅದನ್ನು ಬಿಚ್ಚಿ ತೋರಿಸಿದ್ದಾನೆ. ಒಂಬತ್ತನೇ ಕ್ಲಾಸು ಎರಡು ಸಲ ಸೇರಿ ಎರಡು ಸಲವೂ ಬಿಟ್ಟವಳು ನಾನು. ಇಂಗ್ಲಿಷ್ ಕಲಿತದ್ದು ಮೇಷ್ಟ್ರಿಂದಲ್ಲ, ಇಂಥ ಬಿಚ್ಚುವವರಿಂದ. ಸ್ಕ್ರೂ, ಸರ್ಕ್ಯೂಟ್, "ಲೆಟ್ಸ್ ಓಪನ್ ಇಟ್ ಅಪ್". ಇವರಿಲ್ಲದಿದ್ದರೆ ನಾನು ಈ ಟೇಬಲ್‌ವರೆಗೆ ಬರುತ್ತಿರಲಿಲ್ಲ.

ಒಂದೇ ಬೇಜಾರು. ಎಲ್ಲ ವಿಡಿಯೋದ ಕೊನೆಗೂ "ನಿಮ್ಮ ಅಭಿಪ್ರಾಯ ಬರೆಯಿರಿ" ಅನ್ನುತ್ತಾರೆ. ಬರೆದವರನ್ನು ಕೆಳಗೆ ಉಳಿದವರು ಹರಿದು ತಿನ್ನುತ್ತಾರೆ.

ಇದನ್ನೆಲ್ಲ ಕಾಗದದಲ್ಲಿ ಯಾಕೆ ಬರೆಯುತ್ತೀಯ ಅಂತ ಅಕ್ಕ ಕೇಳುತ್ತಾಳೆ. ದಿನಾ ಬೇರೆಯವರ ಫೋನ್ ಅಳಿಸುವವಳು ತನ್ನ ಗುಟ್ಟನ್ನು ಫೋನಿನಲ್ಲಿ ಇಡುತ್ತಾಳಾ.

ತಿಂಗಳ ಕೊನೆಗೆ ಮೇಡಂ ನನ್ನನ್ನು ಕಾಯಂ ಮಾಡಬೇಕು. ಅಥವಾ ಮನೆಗೆ ಕಳಿಸಬೇಕು. ಅವರೇ ನಮ್ಮ ಸೂಪರ್‌ವೈಸರ್. ನನ್ನ ಕೈ ನಿಧಾನ ಅಂತ ಆಗಲೇ ಒಂದು ಸಲ ಹೇಳಿದ್ದಾರೆ.

ಮಾರ್ಚ್ ೧೦, ಸಂಜೆ



ಊಟ ಮುಗಿಸಿ ಹಿಂದಿನ ಕೋಣೆಗೆ ಹೋಗಿದ್ದೆ, ಚುಕ್ಕಿಯ ಹಾಳೆ ತರಲು. ಶನಿವಾರದ ಲಾರಿಗೆ ಹೋಗಬೇಕಾದ ಪೆಟ್ಟಿಗೆಗಳನ್ನು ಗೋಡೆಯುದ್ದಕ್ಕೂ ಒಟ್ಟಿದ್ದಾರೆ. ಅದರೊಳಗಿಂದ ಅಲಾರಂ ಬಾರಿಸಿತು. ಮೊದಲು ಹಕ್ಕಿ ಕೂಗಿದ ಹಾಗೆ ಒಂದು ಟ್ಯೂನು. ಆಮೇಲೆ ಒಂದು ಹುಡುಗನ ದನಿ, ರೆಕಾರ್ಡ್ ಮಾಡಿದ್ದು: "ಅಮ್ಮಾ, ಮಾತ್ರೆ. ನೀಲಿದು. ಮರೀಬೇಡ."

ಕಿವಿ ಹಚ್ಚುವಷ್ಟರಲ್ಲಿ ನಿಂತುಹೋಯಿತು. ಯಾವ ಪೆಟ್ಟಿಗೆ ಅಂತ ಗೊತ್ತಾಗಲಿಲ್ಲ.

ಅಳಿಸಿದ ಫೋನಿಗೆ ಅಮ್ಮನ ನೆನಪು ಎಲ್ಲಿಂದ ಬರಬೇಕು?

ಹಾಗಾದರೆ ಆ ಫೋನು ಅಳಿಸಿಲ್ಲ. ಚುಕ್ಕಿ ಮಾತ್ರ ಇದೆ. ಒಂದು ಹೀಗಾದರೆ ಇನ್ನೆಷ್ಟು? ಫೋಟೋ, ಬ್ಯಾಂಕು, ಮನೆ ವಿಳಾಸ, ಮಕ್ಕಳ ಮುಖ… ಶನಿವಾರ ಎಲ್ಲ ಯಾರ ಯಾರದೋ ಕೈಗೆ.

ಮೇಡಂಗೆ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಹೋದ ವಾರ ಫ್ಯಾನ್ ಬೀಳತ್ತೆ ಅಂದೆ. ಅದಕ್ಕೂ ಮುಂಚೆ ಲಿಫ್ಟ್‌ನಲ್ಲಿ ಸುಟ್ಟ ವಾಸನೆ ಅಂದೆ. ನಾಳೆ ಅದೇ ಹೊತ್ತಿಗೆ ಬರ್ತೀನಿ. ಬಾರಿಸಿದ್ರೆ ಒಡೆಯೋಣ."

ಮಾರ್ಚ್ ೧೧

ಬಾರಿಸಲಿಲ್ಲ.

ನಾನು, ಮೇಡಂ, ಎಕ್ಸ್‌ಪ್ರೆಸ್, ಪ್ಯಾಕಿಂಗ್‌ನ ಎಲ್ಲರೂ ಪೆಟ್ಟಿಗೆಗಳಿಗೆ ಕಿವಿ ಕೊಟ್ಟು ನಿಂತಿದ್ದೆವು, ಬೇರೆ ಮನೆಯ ಜಗಳ ಕೇಳುವವರ ಹಾಗೆ. ಏನೂ ಇಲ್ಲ. ಎಕ್ಸ್‌ಪ್ರೆಸ್ ಬಾಯಿಗೆ ಕೈ ಅಡ್ಡ ಹಿಡಿದು "ಅಮ್ಮಾ, ಮಾತ್ರೆ" ಅಂದ. ಎಲ್ಲ ನಕ್ಕರು. ನನಗೂ ಒಂದು ಗಳಿಗೆ ನಗು ಬಂತು. ಸಿಟ್ಟು ಬಂದದ್ದು ಅದಕ್ಕೇ.

ಯಂತ್ರವನ್ನೇ ಪರೀಕ್ಷೆ ಮಾಡಿದೆ. ಫೋನ್ ತೆಗೆದೆ, ಇನ್ನೊಂದು ಸಿಕ್ಕಿಸಿದೆ. ಕೆಂಪು. ತೆಗೆದೆ, ಸಿಕ್ಕಿಸಿದೆ. ಕೆಂಪು. ಎಲ್ಲ ಕೇಬಲ್‌ನಲ್ಲೂ ಮಾಡಿದೆ. ಕೆಂಪು ಬಂದ ಮೇಲೆಯೇ ಹಸಿರು. ಯಂತ್ರ ಸತ್ಯಹರಿಶ್ಚಂದ್ರ.

ಮೇಡಂ ಗದರಿಸಲಿಲ್ಲ. "ನೋಡು, ಸೀಲ್ ಒಡೆದ್ರೆ ಎಲ್ಲ ಮೊದಲಿಂದ. ಎರಡು ವಾರದ ಕೆಲಸ ಹೋಗತ್ತೆ. ತೋರಿಸು, ಒಡೀತೀನಿ. ತೋರಿಸ್ದೆ ಒಡೆಯಲ್ಲ" ಅಂದರು. ನ್ಯಾಯವೇ. ಅವರ ಜಾಗದಲ್ಲಿ ಯಾರಿದ್ದರೂ ಇದೇ ಹೇಳುತ್ತಾರೆ.

ಮನೆಗೆ ಬಂದು ಅಕ್ಕನ ಮುಂದೆ ಹೇಳಿದೆ. "ನಿನ್ನ ಕಿವಿಯೊಳಗೇ ಬಾರಿಸಿತೇನೋ" ಅಂದಳು. ಆಮೇಲೆ, "ಮಾತ್ರೆ ನೀಲಿದು ಅಂದ್ಯಲ್ಲ?"

"ಹೂಂ."

"ಇಲ್ಲದ್ದನ್ನ ಕೇಳೋರಿಗೆ ಬಣ್ಣ ಕೇಳಲ್ಲ ಕಣೇ."

ಮಾರ್ಚ್ ೧೨, ಬೆಳಿಗ್ಗೆ

ಗ್ಯಾಜೆಟ್ ಪ್ರೇಮಿಗಳ ಆನ್‌ಲೈನ್ ಗುಂಪಿನಲ್ಲಿ ಯಂತ್ರದ ಬಗ್ಗೆ ಕೇಳಿದ್ದೆ. ಎಲ್ಲಿ, ಯಾರದು ಅಂತ ಬರೆದಿರಲಿಲ್ಲ. ಒಬ್ಬ ಕೇಬಲ್ ಬದಲಿಸು ಅಂದ. ಒಬ್ಬ ದೇಶವನ್ನೇ ಬದಲಿಸಬೇಕು ಅಂದ. ಇನ್ನೊಬ್ಬ ಗುಂಪಿನ ಹೊರಗೆ ನನಗೊಬ್ಬಳಿಗೇ ಮೆಸೇಜು ಕಳಿಸಿದ: ವಿಡಿಯೋ ಮಾಡಿ ಕಂಪನಿ ಹೆಸರು ಹಾಕು, ನಾಳೆಗೆ ಲಕ್ಷ ಜನ ನೋಡುತ್ತಾರೆ.

ಒಂದು ಗಳಿಗೆ ಆಸೆಯಾಯಿತು, ಸುಳ್ಳು ಯಾಕೆ. ನನ್ನ ದನಿ, ಹಿಂದೆ ಸಣ್ಣ ಮ್ಯೂಸಿಕ್ಕು… ಆದರೆ ಲಕ್ಷ ಜನ ನೋಡಿದರೆ ಆ ಹುಡುಗನ ಅಮ್ಮನ ಫೋನು ಅಳಿಸಿದಂತಾಗುತ್ತದಾ? ಲಾರಿ ನಿಲ್ಲುತ್ತದಾ? ಕೆಳಗೆ ಜಗಳ ಮಾತ್ರ ಬೆಳೆಯುತ್ತದೆ. ಉತ್ತರ ಕೊಡಲಿಲ್ಲ.

ಅದೇ ಗುಂಪಿನಲ್ಲಿ ಒಬ್ಬಳು ಒಂದೇ ಸಾಲು ಬರೆದಿದ್ದಾಳೆ. "ನೀನು ಪರೀಕ್ಷೆ ಮಾಡಿದ ಹಾಗೆಯೇ ಅಲ್ಲಿ ಎಲ್ಲರೂ ಕೆಲಸ ಮಾಡ್ತಾರಾ?"

ಅದನ್ನೇ ಓದುತ್ತಾ ಬಸ್ಸಿನಲ್ಲಿ ಒಂದು ಸ್ಟಾಪ್ ಮುಂದೆ ಹೋಗಿಬಿಟ್ಟೆ.

ಮಾರ್ಚ್ ೧೨, ಸಂಜೆ

ಸಿಕ್ಕಿತು.

ಇಡೀ ದಿನ ಎಕ್ಸ್‌ಪ್ರೆಸ್‌ನ ಕೈ ನೋಡುತ್ತಾ ಕೂತೆ. ನಾನು ಫೋನ್ ತೆಗೆಯುತ್ತೇನೆ, ಕೆಳಗಿಡುತ್ತೇನೆ, ಚುಕ್ಕಿ ಅಂಟಿಸುತ್ತೇನೆ, ಉಸಿರು ಬಿಡುತ್ತೇನೆ, ಆಮೇಲೆ ಇನ್ನೊಂದು. ಅವನು ಹಾಗಲ್ಲ. ಎಡಗೈಯಲ್ಲಿ ಹಳೆಯದನ್ನು ಎಳೆಯುತ್ತಿರುವಾಗಲೇ ಬಲಗೈಯಲ್ಲಿ ಹೊಸದನ್ನು ತುರುಕುತ್ತಾನೆ. ಕಣ್ಣು ಮಿಟುಕಿಸಿದರೆ ಮುಗಿಯಿತು. ಅಷ್ಟು ಬೇಗ ಬದಲಾದದ್ದು ಯಂತ್ರಕ್ಕೆ ತಿಳಿಯುವುದೇ ಇಲ್ಲ. ಹಳೇ ಫೋನೇ ಇನ್ನೂ ಕೂತಿದೆ ಅಂದುಕೊಳ್ಳುತ್ತದೆ. ದೀಪ ಹಸಿರಾಗಿಯೇ ಉಳಿಯುತ್ತದೆ. ಒಂದು ಸಾಲು ತುಂಬಿ ಅವನು ತಲೆ ಎತ್ತಿ ನೋಡುವಾಗ ಎಲ್ಲ ಹಸಿರು. ಯಾವುದು ಹೊಸ ಹಸಿರು, ಯಾವುದು ಹಳೇದು? ಚುಕ್ಕಿ ಅಂಟಿಸುತ್ತಾನೆ.

ಎಲ್ಲ ಸಲ ಅಲ್ಲ. ಆಗೊಮ್ಮೆ ಈಗೊಮ್ಮೆ. ನನ್ನಂಥ ನಿಧಾನಿಯ ಕೈಗೆ ಯಾವತ್ತೂ ಸಿಗುತ್ತಿರಲಿಲ್ಲ.

ಟೀ ಹೊತ್ತಿಗೆ ಅವನನ್ನು ಮೆಟ್ಟಿಲ ಹತ್ತಿರ ಕರೆದು ಹೇಳಿದೆ. ಮೊದಲು ನಕ್ಕ. ಆಮೇಲೆ ಲೋಟ ಕೆಳಗಿಟ್ಟ.

"ಅಂದ್ರೆ ತಪ್ಪು ನಂದು."

"ನಿಂದಲ್ಲ. ನಿನ್ನ ಕೈ ಅದರ ಕಣ್ಣಿಗೆ ಕಾಣಲ್ಲ, ಅಷ್ಟೇ."

"ಬೋರ್ಡ್ ಮೇಲೆ ಈ ತಿಂಗಳ ಸ್ಟಾರ್ ಅಂತ ನನ್ನ ಫೋಟೋ ಇದೆ. ನನ್ನ ಮಗಳಿಗೆ ತೋರಿಸಿದೀನಿ ಅದನ್ನ. ಈಗ ಏನಂತ ಹೇಳ್ಲಿ, ನಿಮ್ಮಪ್ಪ ಕಣ್ಣು ಮುಚ್ಕೊಂಡು ಚುಕ್ಕಿ ಅಂಟಿಸ್ತಿದ್ದ ಅಂತ ಹೇಳ್ಲಾ?"

"ಮೇಡಂ ಮುಂದೆ ಒಂದ್ಸಲ ಮಾಡಿ ತೋರ್ಸು. ನಾನು ಮಾಡಿದ್ರೆ ಬರಲ್ಲ."

"ಬರದೆ ಇದ್ರೆ ಬಿಡು. ನೀನು ಗ್ಯಾಸ್ ನೋಡೋಕೆ ಮನೆಗೆ ವಾಪಸ್ ಹೋಗೋಳು. ನಿನ್ನ ಭಯಕ್ಕೆ ನನ್ನ ಹೊಟ್ಟೆ ಮೇಲೆ ಹೊಡೀಬೇಡ."

ಹೋಗಿಬಿಟ್ಟ. ಟೀ ಹಾಗೇ ಇತ್ತು.

ಮಾರ್ಚ್ ೧೩

ನಾನೇ ಕಲಿಯುತ್ತೇನೆ. ಬೇರೆ ದಾರಿಯಿಲ್ಲ.

ಬೆಳಿಗ್ಗೆ ಬೇಗ ಎದ್ದು ಅಡುಗೆಮನೆ ಕಟ್ಟೆಯ ಮೇಲೆ ಚಾರ್ಜರ್ ಕೇಬಲ್, ನನ್ನ ಫೋನು, ಅಕ್ಕನ ಫೋನು. ಎಡಗೈಯಲ್ಲಿ ಎಳೆ, ಬಲಗೈಯಲ್ಲಿ ತುರುಕು. ಎಳೆ, ತುರುಕು. ಹೆಬ್ಬೆರಳಿನ ತುದಿ ಕೆಂಪಾಯಿತು. ಕೈ ಬೇಗ ಓಡಬೇಕು ಅಂದರೆ ತಲೆ ಸುಮ್ಮನಿರಬೇಕು. ನನ್ನ ತಲೆ ಯಾವತ್ತು ಸುಮ್ಮನಿತ್ತು?

ಅಕ್ಕ ಹಲ್ಲುಜ್ಜುತ್ತಾ ಬಂದು ನಿಂತಳು. "ಏನೇ ಇದು, ಕೋಳಿಗೆ ಕಾಳು ತಿನ್ನಿಸ್ತಿದೀಯಾ?"

ಹೇಳಿದೆ. ಮೊನ್ನೆ ಬಣ್ಣದ ಮಾತು ಹೇಳಿದವಳೇ ಈಗ ಪುಕ್ಕಲಾದಳು. "ತಿಂಗಳ ಕೊನೆ ಹತ್ರ ಬಂತು. ಸುಮ್ನಿದ್ರೆ ಕೆಲಸ ಕಾಯಂ ಆಗತ್ತೆ. ಬೆಕ್ಕಿಗೆ ಗಂಟೆ ಕಟ್ಟೋಕೆ ನೀನೇ ಬೇಕಾ?"

"ಗಂಟೆ ಕೇಳಿದ್ದು ನನಗೆ ತಾನೇ."

ಅವಳು ಬಾಯಿ ತೊಳೆದು ಬಂದು ಎದುರು ಕೂತಳು. ತನ್ನ ಫೋನನ್ನು ಹಿಡಿದುಕೊಟ್ಟಳು. "ಸರಿ, ಹಿಡ್ಕೊಂಡಿರ್ತೀನಿ. ನೀನು ಎಳಿ."

ಮಾರ್ಚ್ ೧೪, ಶನಿವಾರ, ಬೆಳಿಗ್ಗೆ

ಲಾರಿ ಹನ್ನೆರಡಕ್ಕೆ. ಗ್ಯಾಸ್ ಒಂದೇ ಸಲ ನೋಡಿ ಹೊರಟಿದ್ದೇನೆ. ಬಸ್ಸಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿದೆ. ಸೀದಾ ಮೇಡಂ ಹತ್ತಿರ. ಯಾರ ಹೆಸರೂ ಹೇಳುವುದಿಲ್ಲ. ಕೈಯಲ್ಲಿ ತೋರಿಸುತ್ತೇನೆ.

ಅದೇ ದಿನ, ಊಟದ ಹೊತ್ತು

ಊಟ ಯಾರೂ ಮಾಡಿಲ್ಲ. ಆದಷ್ಟು ಬರೆದುಬಿಡುತ್ತೇನೆ.

ಮೇಡಂ ಬಂದು ನಿಂತರು. ನನ್ನದೇ ಫೋನು ತೆಗೆದೆ. ಬೇರೆಯವರದನ್ನು ಹಾಕಿದರೆ ಮೊದಲೇ ಅಳಿಸಿತ್ತೋ ಇಲ್ಲವೋ ಅಂತ ಡೌಟು ಉಳಿಯುತ್ತದೆ. ಹಸಿರಿದ್ದ ಕೇಬಲ್‌ನಿಂದ ಹಳೇದನ್ನು ಎಳೆದೆ, ನನ್ನದನ್ನು ತುರುಕಿದೆ. ಅಡುಗೆಮನೆಯಲ್ಲಿ ಬಂದದ್ದು ಇಲ್ಲಿ ಬರಲಿಲ್ಲ. ಕೇಬಲ್ ತುದಿ ಒಂದು ಸಲ ತಪ್ಪಿ ಆಮೇಲೆ ಕೂತಿತು.

ಕೆಂಪು.

ನನ್ನ ಫೋನು ಅಳಿಸಲು ಶುರುವಾಯಿತು, ನನ್ನ ಕಣ್ಣೆದುರೇ. ಎಲ್ಲದಕ್ಕೂ ಮನೆಯಲ್ಲಿ ಕಾಪಿ ಇದೆ, ಕಾಪಿಗೂ ಕಾಪಿ ಇದೆ. ಮೇಡಂ ಗಡಿಯಾರ ನೋಡಿದರು. "ಆಯ್ತಲ್ಲ. ಹೋಗು, ನೀರು ಕುಡಿ."

"ಇನ್ನೊಂದ್ಸಲ, ಮೇಡಂ."

"ಯಾವ ಫೋನಲ್ಲಿ? ನಿಂದು ಹೋಯ್ತಲ್ಲ."

ಹಿಂದಿನಿಂದ ಒಂದು ಕೈ ಬಂತು. ಎಕ್ಸ್‌ಪ್ರೆಸ್. ಬೆಳಿಗ್ಗೆಯಿಂದ ನನ್ನ ಕಡೆ ತಿರುಗಿಯೂ ನೋಡದವನು.

"ಸರಿ ಆಚೆ" ಅಂದ ನನಗೆ. "ಆಮೆ ಓಡಿ ತೋರಿಸಿದ್ರೆ ಯಾರಾದ್ರೂ ನಂಬ್ತಾರಾ."

ಅವನ ಕೈಯಲ್ಲಿದ್ದದ್ದು ಅವನದೇ ಫೋನು. "ಕಾಪಿ ಇದೆಯಾ?" ಅಂದೆ. "ನಿನ್ನ ಹಾಗೆ ನನಗೆ ಹುಚ್ಚಾ" ಅಂದ. ಮಾತು ಮುಗಿಯುವುದರೊಳಗೆ ಪಕ್ಕದ ಹಸಿರು ಕೇಬಲ್ ನಲ್ಲಿದ್ದದ್ದನ್ನು ಎಳೆದು ತನ್ನದನ್ನು ತುರುಕಿದ್ದ. ನನ್ನ ಕಣ್ಣಿಗೆ ಕಾಣಲೂ ಇಲ್ಲ.

ಹಸಿರು.

ಕೆಂಪಾಗುತ್ತದೆ, ಈಗ ಆಗುತ್ತದೆ ಅಂತ ಕಾದೆವು. ಹಸಿರು, ಹಸಿರು. ಅವನು ಫೋನ್ ಎಳೆದು ಆನ್ ಮಾಡಿ ಮೇಡಂ ಮುಂದೆ ಹಿಡಿದ. ಪರದೆಯ ಮೇಲೆ ಅವನ ಮಗಳು, ಮುಂದಿನ ಹಲ್ಲು ಬಿದ್ದ ಬಾಯಿ ತೆರೆದು ನಗುತ್ತಿದ್ದಳು.

ಮೇಡಂ ಕನ್ನಡಕ ತೆಗೆದರು. ಮತ್ತೆ ಹಾಕಿಕೊಂಡರು. ಬೇಗ ಮಾಡಿ, ಬೇಗ ಮಾಡಿ ಅಂತ ನಮ್ಮ ಕೆಲಸದ ಗುಂಪಿಗೆ ದಿನಾ ಬೆಳಿಗ್ಗೆ ಮೆಸೇಜು ಹಾಕುತ್ತಿದ್ದವರು ಅವರೇ. ಅದು ಅವರಿಗೂ ನೆನಪಾಗಿರಬೇಕು. "ಬೋರ್ಡ್ ಮೇಲೆ ನಿನ್ನ ಫೋಟೋ ಹಾಕ್ಸಿದ್ದು ನಾನು" ಅಂದರು, ಅವನಿಗೆ ಮಾತ್ರ ಕೇಳುವ ಹಾಗೆ. ನನಗೂ ಕೇಳಿತು.

ಆಮೇಲೆ ಫೋನ್ ಎತ್ತಿ ಲಾರಿಯವನಿಗೆ ಹೇಳಿದರು, "ಇವತ್ತು ಬರೋದು ಬೇಡ. ಇಲ್ಲ, ನಾಳೆಯೂ ಬೇಡ. ನಾನೇ ಹೇಳ್ತೀನಿ." ಆಫೀಸಿಗೆ ಏನು ಉತ್ತರ ಕೊಡುತ್ತಾರೋ. ನನ್ನ ಕಾಯಂ ವಿಷಯ ಕೇಳಲಿಲ್ಲ, ಅವರೂ ಎತ್ತಲಿಲ್ಲ. ಇರಲಿ. ಕತ್ತರಿ ಹಂಚುತ್ತಿದ್ದಾರೆ, ಸೀಲ್ ಒಡೆಯಲು. ಹೋಗಬೇಕು.

ಅದೇ ದಿನ, ಆಮೇಲೆ

ಬಾರಿಸಿತು.

ಹೋದ ಸಲದ ಹೊತ್ತಿಗೇ. ಮಂಗಳವಾರ, ಶನಿವಾರ. ವಾರಕ್ಕೆ ಎರಡೇ ಸಲದ ಮಾತ್ರೆ. ಅದಕ್ಕೇ ಬುಧವಾರ ಸುಮ್ಮನಿತ್ತು. ಲಾರಿ ಹೋಗಿದ್ದರೆ ಈಗ ರಸ್ತೆಯ ಮೇಲೆ ಬಾರಿಸುತ್ತಿತ್ತು, ಯಾರಿಗೂ ಕೇಳದ ಹಾಗೆ.

ಎಲ್ಲರೂ ಕತ್ತರಿ ಹಿಡಿದ ಕೈಯಲ್ಲೇ ನಿಂತರು. ಹಕ್ಕಿ ಕೂಗಿತು. "ಅಮ್ಮಾ, ಮಾತ್ರೆ. ನೀಲಿದು. ಮರೀಬೇಡ." ಈ ಸಲ ಯಾರೂ ನಗಲಿಲ್ಲ. ಎಕ್ಸ್‌ಪ್ರೆಸ್ ಮೂಲೆಯ ಪೆಟ್ಟಿಗೆ ಎಳೆದು ಸೀಲ್ ಕಿತ್ತು, ಫೋನನ್ನು ನನ್ನ ಕೈಗೆ ಕೊಟ್ಟ. "ನೀನೇ ನಿಲ್ಸು. ನಿನ್ನನ್ನೇ ಕರೀತಿತ್ತು ಇಷ್ಟು ದಿನ."

ಪರದೆಯಲ್ಲಿ ಎರಡು ಗುಂಡಿ. ನಿಲ್ಲಿಸು. ಮತ್ತೆ ನೆನಪಿಸು. ಆ ತಾಯಿ ಹೊಸ ಫೋನಿನಲ್ಲೂ ಈ ಅಲಾರಂ ಇಟ್ಟುಕೊಂಡಿರುತ್ತಾರಾ? ಹುಡುಗ ಈಗ ದೊಡ್ಡವನಾಗಿರಬಹುದು, ದನಿ ಒಡೆದಿರಬಹುದು. ಈ ದನಿ ಇನ್ನೆಲ್ಲಾದರೂ ಉಳಿದಿದೆಯಾ? ಮೇಡಂಗೆ ಕೇಳಿದೆ, ಮಾರಿದವರಿಗೆ ಒಂದು ಫೋನ್ ಮಾಡಿ ಕೇಳಲಾ ಅಂತ. ಡೌಟು ಅಂತ ಬೈಯಲಿಲ್ಲ. "ಕೇಳು, ಆಮೇಲೆ ಅಳಿಸು" ಅಂದರು.

ರಿಜಿಸ್ಟರ್ ನೋಡಿ ಮೇಡಂ ಫೋನಿನಿಂದ ನಂಬರ್ ಒತ್ತಿದ್ದೇನೆ. ರಿಂಗ್ ಆಗುತ್ತಿದೆ. ಪಕ್ಕದಲ್ಲಿ ಎಕ್ಸ್‌ಪ್ರೆಸ್ ಒಂದೊಂದೇ ಫೋನನ್ನು ಸಿಕ್ಕಿಸುತ್ತಿದ್ದಾನೆ. ಸಿಕ್ಕಿಸುತ್ತಾನೆ, ಕೈ ತೆಗೆಯುತ್ತಾನೆ, ಕೆಂಪು ಬರುವ ತನಕ ಕಾಯುತ್ತಾನೆ. ಎಂಥ ನಿಧಾನ. ಅವನಿಗೇ ತಡೆಯಲಾಗುತ್ತಿಲ್ಲ, ಕಾಲು ಕುಣಿಸುತ್ತಿದ್ದಾನೆ.

ಎತ್ತಿದರು. ಹೆಂಗಸಿನ ದನಿ, ವಯಸ್ಸಾದದ್ದು. "ಹಲೋ, ಯಾರಪ್ಪಾ" ಅಂದರು. ಪೆನ್ನು ಕೆಳಗಿಡುತ್ತೇನೆ, ಹುಡುಗನ ದನಿ ಬೇಕಾ ಅಂತ ಕೇಳಬೇಕು.