ಹೋಗಿ ಬಾ ಅಂದದ್ದು

ಮೇ 19, ಸೋಮವಾರ

ಎರಡು ಸೇರು ಕುಚ್ಚಲಕ್ಕಿ, ಬೂತಾಯಿ ಮೀನು, ಚಿಟಿಕೆ ಅರಿಶಿನ. ಉಪ್ಪು ಇಲ್ಲ. ನಮ್ಮಿಬ್ಬರ ತಿಂಡಿ ಇನ್ನೂ ಆಗಿರಲಿಲ್ಲ, ಅವುಗಳ ಗಂಜಿ ಆಗಿತ್ತು. ಇವರು ಟೆಂಪೋ ತೆಗೆದುಕೊಂಡು ಬೋಟು ಬರುವ ಧಕ್ಕೆಗೆ ಹೋಗಿ ಆಗಿತ್ತು. ಹೋಟೆಲಿನವರಿಗೆಲ್ಲ ಮೀನು ಮುಟ್ಟಿಸದೆ ನನ್ನ ಗಂಡನಿಗೆ ಬೆಳಗಾಗುವುದಿಲ್ಲ.

ಅಂಗಳದಲ್ಲಿ ನಿಂತು "ಅಂಜಲ್! ಮಾಂಜಿ!" ಎಂದು ಕೂಗಿದೆ. ಎದುರಿನ ಫ್ಲ್ಯಾಟಿಗೆ ಹೊಸತಾಗಿ ಬಂದ ಹೆಂಗಸು ಪಾತ್ರೆ ಹಿಡಿದುಕೊಂಡು ಓಡಿ ಬಂದಳು. "ಅಂಜಲ್ ಕಿಲೋಗೆ ಹೇಗೆ?" ಅಷ್ಟರಲ್ಲಿ ಅಂಜಲ್ ಮೆಲ್ಲ ಎದ್ದು ಬಂತು. ಕರುವಿನಷ್ಟು ಎತ್ತರ. ಪಾತ್ರೆ ಅಲ್ಲೇ ಬಿಟ್ಟು ಓಡಿದಳು, ಪಾಪ. ಸಂಜೆ ಕೊಟ್ಟು ಬಂದೆ. ಬಾಗಿಲು ಅರ್ಧವೇ ತೆಗೆದಳು.

ಮೀನಿನವರ ಮನೆಯ ನಾಯಿಗೆ ಟೈಗರ್ ಎಂದು ಯಾಕೆ ಹೆಸರಿಡಬೇಕು, ಮೀನಿನ ಹೆಸರೇ ಇರಲಿ ಅನ್ನುವುದು ಇವರ ವಾದ. ಬೂದು ಬಣ್ಣದ್ದು ಅಂಜಲ್, ಗಂಡು. ಕಪ್ಪು ಬಣ್ಣದ್ದು ಮಾಂಜಿ, ಹೆಣ್ಣು. ಒಂದೇ ತಾಯಿಯ ಗ್ರೇಟ್ ಡೇನ್ ಮರಿಗಳು. ಹೋಟೆಲಿನ ಧಣಿಯೊಬ್ಬರು ಕೊಟ್ಟದ್ದು. ಒಂದು ಸಾಕು ಎಂದಿದ್ದೆ. ಒಂದಕ್ಕೆ ಬೇಜಾರಾಗುತ್ತದೆ ಎಂದು ಇವರು ಎರಡು ತಂದರು.

ಬೆಳಿಗ್ಗೆ ಅಂಜಲ್ ಬಲ ಮುಂಗಾಲು ಊರದೆ ಬಂದಿತ್ತು. ಮುಳ್ಳು ಇರಬೇಕು ಎಂದು ನೋಡಿದೆ, ಇರಲಿಲ್ಲ. ಅದನ್ನು ನೋಡುತ್ತಾ ಬಲ್ಮಠದ ಬಸ್ ತಪ್ಪಿತು. ಕೆಲಸಕ್ಕೆ ತಡವಾಗಿ ಕ್ಲಿನಿಕ್ಕಿನಲ್ಲಿ ಬೈಸಿಕೊಂಡೆ.

ಮೇ 28, ಬುಧವಾರ

ಒಂಬತ್ತು ದಿನ ಇವರು ಎಣ್ಣೆ ತಿಕ್ಕಿದರು. ಉಳುಕು ಎಂದು ಇವರೇ ತೀರ್ಮಾನ ಮಾಡಿದ್ದು. ಇಂದು ಎಕ್ಸ್‌ರೇ. ಒಸ್ವಾಲ್ಡ್ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರು, ಇಳಿಸಿದರು, ಮತ್ತೆ ಹಿಡಿದರು.

"ಲೀಲಾಧರಣ್ಣ, ಇದು ಉಳುಕಲ್ಲ. ಎಲುಬಿನ ಕ್ಯಾನ್ಸರ್."

"ಎಣ್ಣೆ ತಿಕ್ಕಿ ಹೆಚ್ಚಾದದ್ದಾ?"

"ಅಲ್ಲ ಮಾರಾಯ್ರೇ. ಎಣ್ಣೆಯಿಂದ ಏನೂ ಆಗಿಲ್ಲ. ಒಳ್ಳೆಯದೂ ಆಗಿಲ್ಲ."

ಕಾಲು ತೆಗೆಯಬಹುದಂತೆ. ಆದರೆ ಈ ವಯಸ್ಸು, ಈ ತೂಕ... ಬೇಡ ಎಂದರು. ನೋವಿನ ಮಾತ್ರೆ ಕೊಡುತ್ತೇನೆ, ಅದೂ ಸಾಕಾಗದ ದಿನ ಬರುತ್ತದೆ, ಆಗ ಹೇಳಿ ಎಂದರು. ಏನು ಹೇಳಬೇಕು ಎಂದು ಕೇಳಲಿಲ್ಲ. ಗೊತ್ತಿತ್ತು.

ಮನೆಗೆ ಬಂದಾಗ ಮಾಂಜಿ ಅಂಜಲ್‌ನ ಕಾಲನ್ನೇ ಮೂಸಿತು. ಇಷ್ಟು ದಿನವೂ ಮೂಸುತ್ತಿತ್ತು. ಅದಕ್ಕೆ ನಮಗಿಂತ ಮೊದಲೇ ಗೊತ್ತಿತ್ತೋ ಏನೋ.

ಜೂನ್ 5, ಗುರುವಾರ

ಬೋಟುಗಳಿಗೆ ರಜೆ ಶುರು. ಎರಡು ತಿಂಗಳು ಕಡಲಿಗೆ ಇಳಿಯುವ ಹಾಗಿಲ್ಲ. ಟೆಂಪೋ ಅಂಗಳದಲ್ಲಿ, ಇವರು ಜಗಲಿಯಲ್ಲಿ. ಅಂಜಲ್‌ನ ತಲೆ ಇವರ ತೊಡೆಯ ಮೇಲೆ. ಮಾಂಜಿಯ ತಲೆ ಅಂಜಲ್‌ನ ಬೆನ್ನಿನ ಮೇಲೆ.

"ನೀನೇ ಹೇಳು ಲತಾ. ನಿನಗೆ ಗೊತ್ತಾಗ್ತದೆ. ನೀನು ಕ್ಲಿನಿಕ್ಕಿನಲ್ಲಿ ಇರುವವಳಲ್ವಾ?"

"ಅದು ಕಣ್ಣಿನ ಕ್ಲಿನಿಕ್. ನಾನು ಅಲ್ಲಿ ಟೋಕನ್ ನಂಬ್ರ ಕೂಗುವವಳು ಮಾರಾಯ್ರೇ!"

ಜೋರಾಗಿ ಹೇಳಿಬಿಟ್ಟೆ. ಎಲ್ಲ ಕಷ್ಟದ ತೀರ್ಮಾನವೂ ನನ್ನ ತಲೆಗೆ. ಹೆಸರಿಡುವಾಗ ನನ್ನನ್ನು ಕೇಳಿದ್ದರಾ?

ಜೂನ್ 9, ಸೋಮವಾರ

ನಿನ್ನೆ ಹೌದು, ಸೂಜಿ ಕೊಡಿಸಿ ಕಳಿಸುವುದೇ ಎಂದು ನಿಶ್ಚಯಿಸಿದ್ದೆ. ಇಂದು ಅಂಜಲ್ ಎದ್ದು ಬಂದು ಪೂರ್ತಿ ಗಂಜಿ ತಿಂದಿತು, ಕೋಳಿಯ ಲಿವರ್ ಎಲ್ಲ. ಕಾಗೆಗೆ ಬೊಗಳಿತು ಕೂಡ. ಹಾಗಾದರೆ ಬೇಡ. ಕಾಗೆಗೆ ಬೊಗಳುವ ನಾಯಿಯನ್ನು ಹೇಗೆ...

ಸಂಜೆ ಮೂರು ಸಲ ಏಳಲು ನೋಡಿತು, ಆಗಲಿಲ್ಲ.

ಗೊತ್ತಾಗುವುದಿಲ್ಲ. ನಿಜವಾಗಿ ಗೊತ್ತಾಗುವುದಿಲ್ಲ.

ಜೂನ್ 12, ಗುರುವಾರ

ಬೆಳಿಗ್ಗೆ ಮಲಗಿದಲ್ಲೇ ಒದ್ದೆ ಮಾಡಿಕೊಂಡಿತ್ತು. ಎಂಟು ವರ್ಷದಲ್ಲಿ ಮೊದಲ ಸಲ. ನನ್ನನ್ನು ನೋಡಿ ಮುಖ ತಿರುಗಿಸಿತು, ತಪ್ಪು ಮಾಡಿದ ಮಗುವಿನ ಹಾಗೆ. "ಎಂತ ಇಲ್ಲ, ಎಂತ ಇಲ್ಲ" ಎಂದು ಒರೆಸಿದೆ.

ಡಾಕ್ಟರಿಗೆ ನಾನೇ ಫೋನ್ ಮಾಡಿದೆ. ಇವರು ಬಾವಿಕಟ್ಟೆಯ ಹತ್ತಿರ ನಿಂತು ಕೇಳದವರ ಹಾಗೆ ಕೇಳುತ್ತಿದ್ದರು.

ಜೂನ್ 13, ಶುಕ್ರವಾರ

ಡಾಕ್ಟರು ಹತ್ತಕ್ಕೆ ಬಂದರು. ಮಾಂಜಿ ನೋಡುವುದು ಬೇಡ ಎಂದು ಇವರು ಅದನ್ನು ಕೋಣೆಗೆ ಹಾಕಿ ಬಾಗಿಲು ಎಳೆದರು. ನಾನೂ ಹೂಂ ಎಂದೆ. ಆಗ ಸರಿ ಎಂದೇ ತೋರಿತು. ಒಳಗಿನಿಂದ ಕೆರೆಯುತ್ತಲೇ ಇತ್ತು.

ಜಗಲಿಯಲ್ಲಿ ಹಳೇ ಜಮಖಾನ. ತಲೆ ಇವರ ತೊಡೆಯಲ್ಲಿ, ಕಾಲು ನನ್ನ ಕೈಯಲ್ಲಿ. ಮೊದಲು ನಿದ್ದೆಯ ಸೂಜಿ. ಆಮೇಲೆ ಮತ್ತೊಂದು. ಡಾಕ್ಟರು ಮೆಲ್ಲ ಹೇಳಿದರು, "ಏನಾದ್ರೂ ಹೇಳುವುದಿದ್ರೆ ಹೇಳಿ."

ಇವರು ಬಗ್ಗಿ, ಅದರ ಕಿವಿ ಸವರಿ ಹೇಳಿದರು — "ಪೋದು ಬಲ."

ಹೋಗಿ ಬಾ.

ನಮ್ಮ ತುಳುವಿನಲ್ಲಿ ಹೊರಡುವವರು ಹೋಗುತ್ತೇನೆ ಎನ್ನುವುದಿಲ್ಲ. ಬರ್ಪೆ, ಬರುತ್ತೇನೆ ಅಂತಲೇ ಹೇಳುವುದು. ಮನೆಯಲ್ಲಿ ಉಳಿದವರು ಪೋದು ಬಲ ಎನ್ನಬೇಕು. ಕಡಲಿಗೆ ಹೋಗುವವರಿದ್ದ ಮನೆ, ಬರೀ ಹೋಗು ಎನ್ನುವ ಮಾತು ನಾಲಗೆಗೆ ಬರುವುದೇ ಇಲ್ಲ. ಬಾಯಿಗೆ ರೂಢಿ. ಬೇರೆ ಏನು ಹೇಳಬೇಕೆಂದು ಇವರಿಗೂ ತಿಳಿದಿರಲಿಕ್ಕಿಲ್ಲ.

ಆದರೂ. ಎಲ್ಲಿಗೆ ಹೋಗಿ ಎಲ್ಲಿಗೆ ಬರುವುದು? ನಗು ಬಂತು, ಸಿಟ್ಟು ಬಂತು, ಅಳುವೂ ಬಂತು. ಯಾವುದು ಮೊದಲು ಬಂತೋ.

ಕೋಣೆಯ ಒಳಗೆ ಕೆರೆಯುವ ಸದ್ದು ನಿಂತಿತ್ತು.

ಜಮಖಾನದಲ್ಲಿ ಸುತ್ತಿ ಟೆಂಪೋಕ್ಕೆ ಏರಿಸಿದೆವು. ಬೆಂಗ್ರೆಯಲ್ಲಿ ಇವರ ಗೆಳೆಯರ ಜಾಗದಲ್ಲಿ ಹೂಳಿ ಬಂದೆವು. ಮರಳು, ಸುಲಭವಾಗಿ ಹೊಂಡವಾಯಿತು. ಬಂದು ಕೋಣೆಯ ಬಾಗಿಲು ತೆಗೆದರೆ ಮಾಂಜಿ ನಮ್ಮನ್ನು ಮೂಸಲಿಲ್ಲ, ಜಗಲಿಯನ್ನೂ ಮೂಸಲಿಲ್ಲ. ನೇರ ಗೇಟಿಗೆ ಹೋಗಿ ಮಲಗಿತು.

ಜೂನ್ 18, ಬುಧವಾರ

ಗೇಟಿನಲ್ಲೇ ಇದೆ. ಮಳೆ ಹೊಯ್ಯುತ್ತಿದೆ, ಕರೆದರೆ ಬರುವುದಿಲ್ಲ. ಐವತ್ತು ಕಿಲೋ ನಾಯಿಯನ್ನು ಎಳೆದು ತರಲು ಯಾರಿಂದ ಆಗುತ್ತದೆ? ಇವರು ಹೋಗಿ ಟಾರ್ಪಾಲು ಕಟ್ಟಿ ಬಂದರು. ಗಂಜಿ ಮುಟ್ಟಿಲ್ಲ.

ಪಕ್ಕದ ಮನೆಯ ಹೆಲನ್ ಬಾಯಿ ಬೇಲಿಯಾಚೆಯಿಂದ ಕೇಳಿದರು, "ಎಂತ ಲತಾ, ಅದು ಯಾರನ್ನು ಕಾಯ್ತಾ ಉಂಟು?"

ಆಗ ಹೊಳೆಯಿತು. ನಾನು ಬಸ್ಸಿಗೆ ಹೊರಡುವಾಗ ಇವರು ಪೋದು ಬಲ ಎಂದರೆ ಸಾಕು, ಎರಡೂ ಎದ್ದು ಗೇಟಿಗೆ ಹೋಗಿ ಮಲಗುತ್ತಿದ್ದವು. ನಾನು ವಾಪಸ್ ಬರುವವರೆಗೆ. ಇವರು ಧಕ್ಕೆಗೆ ಹೊರಡುವಾಗ ನಾನು ಪೋದು ಬಲೆ, ಹೋಗಿ ಬನ್ನಿ ಎಂದರೂ ಹಾಗೆಯೇ. ಆ ಮಾತು ಹೇಳಿಸಿಕೊಂಡವರು ಇಷ್ಟು ವರ್ಷ ಒಬ್ಬರೂ ವಾಪಸ್ ಬಾರದೆ ಇದ್ದದ್ದಿಲ್ಲ. ಮಾಂಜಿ ಬಾಗಿಲ ಆಚೆಯಿಂದ ಕೇಳಿಸಿಕೊಂಡಿದೆ. ಬೇರೇನೂ ನೋಡಿಲ್ಲ. ಆ ಮಾತು, ಆಮೇಲೆ ಟೆಂಪೋ ಹೊರಟ ಸದ್ದು.

ಇವರಿಗೆ ಹೇಳಿದೆ. ರೇಗಿದರು. "ನಾಯಿಗೆ ವ್ಯಾಕರಣ ಉಂಟಾ? ಹುಚ್ಚು ಮಾತಾಡ್ಬೇಡ."

ಜೂನ್ 20, ಶುಕ್ರವಾರ

ಬೆಳಿಗ್ಗೆ ಬರ್ಪೆ ಎಂದೆ. ಇವರು ತಲೆ ಆಡಿಸಿದರು, ಅಷ್ಟೇ. ಪೋದು ಬಲ ಎನ್ನಲಿಲ್ಲ. ಮಾಂಜಿ ಇದೆಯಲ್ಲ, ಅದಕ್ಕೆ. ಅರ್ಥವಾಯಿತು. ಆದರೂ ಬಸ್ಸಿನಲ್ಲಿ ಇಡೀ ದಾರಿ ಒಂದೇ ಯೋಚನೆ. ಬಲ ಎನ್ನದೆ ಕಳಿಸಿದ್ದಾರೆ, ಏನಾದರೂ ಆದರೆ?

ನಾಯಿಗೆ ಹುಚ್ಚೋ ನನಗೋ.

ಜೂನ್ 27, ಶುಕ್ರವಾರ

ಒಸ್ವಾಲ್ಡ್ ಡಾಕ್ಟರು ಮಾಂಜಿಯನ್ನು ಪೂರ್ತಿ ನೋಡಿದರು. ಕಾಯಿಲೆ ಇಲ್ಲ. ತೂಕ ಇಳಿದಿದೆ. ಹೀಗೇ ಇದ್ದರೆ ಹೃದಯ ತಡೆಯುವುದಿಲ್ಲ ಎಂದರು.

"ಅವತ್ತು ಅಂಜಲ್‌ನ ದೇಹ ತೋರಿಸಿದ್ದಿರಾ ಇದಕ್ಕೆ?"

ಇಲ್ಲ ಎಂದು ನಾನೇ ಹೇಳಿದೆ.

"ತೋರಿಸ್ಬೇಕಿತ್ತು. ಮೂಸಿದ್ರೆ ಅವಕ್ಕೆ ತಿಳೀತದೆ. ಇರ್ಲಿ... ಇನ್ನು ಜಾಗ ಬದಲಿಸಿ ನೋಡಿ. ಈ ಗೇಟಿನಿಂದ ದೂರ."

ನೋಡುವುದು ಬೇಡ ಎಂದದ್ದು ಪ್ರೀತಿಯಿಂದಲೇ. ಇವರೂ, ನಾನೂ. ಪ್ರೀತಿಯಿಂದ ಮಾಡಿದ್ದು ಹೀಗೆ ತಿರುಗಿದರೆ ಯಾರನ್ನು ಬೈಯುವುದು?

ಜುಲೈ 2, ಬುಧವಾರ

ಕಾಟಿಪಳ್ಳದಲ್ಲಿ ಇವರ ತಂಗಿ ಸುಪ್ರೀತಾ ಇದ್ದಾಳೆ. ದೊಡ್ಡ ಕಾಂಪೌಂಡು. ಮಾಂಜಿಯನ್ನು ಇಟ್ಟುಕೊಳ್ಳುತ್ತೇನೆ ಎಂದಿದ್ದಾಳೆ. ಇವರು ಆಗಲೇ ಒಪ್ಪಿ ಆಗಿದೆ.

"ಒಂದು ಸತ್ತಿತು. ಇನ್ನೊಂದನ್ನು ನಾವೇ ಕೊಡುವುದಾ?" ಕೇಳಿದೆ.

"ಕೊಡುವುದಲ್ಲ ಲತಾ. ಬದುಕ್ಲಿ ಅಂತ."

"ನಮ್ಮನ್ನೂ ಬಿಟ್ಟು ಅದು ಬದುಕ್ತದಾ?"

"ಇಲ್ಲಿ ನಾವಿದ್ದೂ ಸಾಯ್ತಾ ಉಂಟಲ್ಲ."

ಪಾತ್ರೆ ಕುಕ್ಕಿದೆ.

ಜುಲೈ 6, ಭಾನುವಾರ

ಟೆಂಪೋದ ಹಿಂದಿನ ಹಲಗೆ ಇಳಿಸಿದ್ದೇ ತಡ, ಮಾಂಜಿ ತಾನಾಗಿ ಹಾರಿ ಹತ್ತಿತು! ಎಷ್ಟೋ ದಿನಗಳ ಮೇಲೆ ಬಾಲ ಆಡಿಸಿದ್ದು. ಮೂಲೆಮೂಲೆ ಮೂಸಿತು. ಆಮೇಲೆ ನಡುವಲ್ಲಿ ಮಲಗಿ, ಹೊರಡಿ ಎನ್ನುವ ಹಾಗೆ ನೋಡಿತು. ಬಿಟ್ಟು ಹೋಗಲು ಇಷ್ಟು ಖುಷಿಯಾ ಎಂದು ನನಗೆ ಒಳಗೊಳಗೇ ಚುಚ್ಚಿತು.

ಕಾಟಿಪಳ್ಳದಲ್ಲಿ ಇಳಿದದ್ದೇ ಓಟ. ಹಿತ್ತಿಲು, ಕೊಟ್ಟಿಗೆ, ಕಾರಿನ ಅಡಿ, ಎಲ್ಲ ಸುತ್ತಿತು. ಸುಪ್ರೀತಾ ಚಪ್ಪಾಳೆ ತಟ್ಟಿದಳು. "ನೋಡಿ ಅತ್ತಿಗೆ, ಜಾಗ ಎಷ್ಟು ಇಷ್ಟ ಆಯ್ತು ಅದಕ್ಕೆ!"

ಏನೂ ಹೇಳದೆ ಹೊರಡುವುದು ಎಂದು ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು. ಇವರು ಹೇಳಲಿಲ್ಲ. ನಾನು ಗೇಟು ದಾಟುವಾಗ ಬಾಯಿ ತಪ್ಪಿ "ಬರ್ಪೆ" ಎಂದುಬಿಟ್ಟೆ. ಇವರು ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಜುಲೈ 8, ಮಂಗಳವಾರ

ಎರಡು ಸೇರು ಅಕ್ಕಿ ತೊಳೆದು ಇಟ್ಟಿದ್ದೆ. ಒಲೆ ಹಚ್ಚುವಾಗ ಗೊತ್ತಾಯಿತು.

ಮನೆ ಎಷ್ಟು ದೊಡ್ಡದಾಗಿದೆ. ಮೊದಲು ನಡೆಯಲು ಜಾಗ ಇರಲಿಲ್ಲ, ಎಲ್ಲಿ ನೋಡಿದರೂ ಕಾಲು, ಬಾಲ, ಎಂಜಲು. ಅದನ್ನೇ ದಿನಾ ಗೊಣಗುತ್ತಿದ್ದೆ.

ಜುಲೈ 19, ಶನಿವಾರ

ಸುಪ್ರೀತಾಳ ಫೋನ್. ತಿನ್ನುತ್ತಿದೆಯಂತೆ, ಮೈ ತುಂಬಿಕೊಳ್ಳುತ್ತಿದೆಯಂತೆ. "ಸಂಜೆ ಮಾತ್ರ ಗೇಟಿನ ಹತ್ತಿರ ಕೂತಿರ್ತದೆ ಅತ್ತಿಗೆ. ನಿಮ್ಮನ್ನೇ ಕಾಯುವುದು."

ಸಂತೋಷವಾಯಿತು. ನಾಚಿಕೆಯೂ ಆಯಿತು. ಅದು ಅಲ್ಲಿ ಕಾಯುತ್ತಿದೆ ಎಂದು ನನಗೆ ಇಲ್ಲಿ ಸಂತೋಷವಾಗಬೇಕಾ? ಇವರಿಗೂ ಹಾಗೆಯೇ. ಕೇಳಿಸದವರ ಹಾಗೆ ಪೇಪರ್ ಓದಿದರು, ಆಮೇಲೆ ಎರಡು ಸಲ ಕೇಳಿದರು — "ನಮ್ಮನ್ನೇ ಕಾಯುವುದು ಅಂದಳಾ?"

ಹೋದರೆ ಮತ್ತೆ ಬಿಟ್ಟು ಬರಬೇಕು. ಹೋಗದಿದ್ದರೆ... ನಾನು ಬರ್ಪೆ ಎಂದಿದ್ದೇನೆ.

ಆಗಸ್ಟ್ 3, ಭಾನುವಾರ, ಸಂಜೆ

ಬೋಟು ಇಳಿದು ಮೂರು ದಿನ. ಇವರು ಮೊದಲು ಸಿಕ್ಕಿದ ಒಳ್ಳೆಯ ಮೀನು ಬೇಯಿಸಲು ಕೊಟ್ಟರು. ಮುಳ್ಳು ಬಿಡಿಸಿ ಡಬ್ಬಿಗೆ ಹಾಕಿದೆ. ಹೋಗೋಣವೇ ಎಂದು ಯಾರೂ ಕೇಳಲಿಲ್ಲ. ಇವರು ಟೆಂಪೋ ಸ್ಟಾರ್ಟ್ ಮಾಡಿದರು, ನಾನು ಹತ್ತಿ ಕೂತೆ.

ಮಾಂಜಿ ತಿರುವಿನಲ್ಲೇ ಟೆಂಪೋದ ಸದ್ದು ಗುರುತು ಹಿಡಿದಿತ್ತು. ಸುಪ್ರೀತಾ ಗೇಟು ತೆಗೆಯುವುದರೊಳಗೆ ನುಗ್ಗಿ ಬಂತು. ಇವರು ಇಳಿದು ಎರಡೂ ಕೈ ಚಾಚಿದರು. ಮಾಂಜಿ ಇವರ ಪಕ್ಕದಿಂದ ಹೋಯಿತು. ನನ್ನ ಪಕ್ಕದಿಂದಲೂ ಹೋಯಿತು. ಟೆಂಪೋದ ಹಿಂದೆ ಹೋಗಿ, ಮುಂಗಾಲು ಹಲಗೆಯ ಮೇಲಿಟ್ಟು ಒಳಗೆ ನೋಡಿತು. ಐಸಿನ ಪೆಟ್ಟಿಗೆ, ಹಗ್ಗ. ಮತ್ತೇನೂ ಇರಲಿಲ್ಲ. ಇಳಿಯಲಿಲ್ಲ. ನೋಡುತ್ತಲೇ ನಿಂತಿತು.

ಕಾಯುತ್ತಿದ್ದದ್ದು ನಮ್ಮನ್ನಲ್ಲ.

ಅಂದು ಹಾರಿ ಹತ್ತಿದ್ದೂ, ಕಾಂಪೌಂಡು ಪೂರ್ತಿ ಹುಡುಕಿದ್ದೂ... ಛೆ. ನಾನೆಂಥ ದಡ್ಡಿ.

ಇವರು ಒದ್ದೆ ನೆಲದಲ್ಲೇ ಕೂತರು. ಅದರ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡರು. "ಬರ್ಪುಜಿ ಮಗಾ. ಅಂಜಲ್ ಬರ್ಪುಜಿ." ಬರುವುದಿಲ್ಲ. "ನಾನು ಹೇಳಿದ್ದು ತಪ್ಪು." ಮತ್ತೊಮ್ಮೆ ಹೇಳಿದರು. ಮತ್ತೊಮ್ಮೆ. ಅದಕ್ಕೆ ಹೇಳುತ್ತಿದ್ದರೋ, ತಮಗೇ ಹೇಳಿಕೊಳ್ಳುತ್ತಿದ್ದರೋ. ಇವರು ಅಳುವುದನ್ನು ನಾನು ನೋಡಿದ್ದು ಇಂದೇ. ಮಾಂಜಿ ಇವರ ಕೆನ್ನೆ ನೆಕ್ಕಿತು. ಮೀನು ತಿಂದಿತು. ಅಂಜಲ್ ಹೋದ ಮೇಲೆ ಮೊದಲ ಸಲ ನನ್ನ ಕಾಲಿಗೆ ಒರಗಿ ಕೂತಿತು. ಅರ್ಥವಾಯಿತೇನೋ, ಹಗುರವಾಯಿತೇನೋ ಎಂದುಕೊಂಡೆ. ಖಂಡಿತ ಹಾಗೆಯೇ ಅನಿಸಿತು.

ಹೊರಡುವಾಗ ನಾವಿಬ್ಬರೂ ಬಾಯಿ ಬಿಗಿ ಹಿಡಿದಿದ್ದೆವು. ಗೇಟು ದಾಟಿ ಆಗಿತ್ತು. ಸುಪ್ರೀತಾಳಿಗೆ ಏನು ಗೊತ್ತು? ಗೇಟು ಹಾಕುತ್ತಾ, ಎಲ್ಲರಿಗೂ ಹೇಳುವ ಹಾಗೆ ಹೇಳಿದಳು.

"ಪೋದು ಬಲೆ ಅಣ್ಣಾ."

ಮಾಂಜಿಯ ಕಿವಿ ನೆಟ್ಟಗಾಯಿತು. ಎದ್ದು ಬಂದು, ಗೇಟಿನ ಸರಳಿಗೆ ಮೂಗು ತಾಗಿಸಿ ಮಲಗಿತು.