ಚಂದ್ರಕಾಳಿಯ ಒಂದು ಮೊಳ

೧೨ ಡಿಸೆಂಬರ್ ೧೯೬೩, ಗುರುವಾರ. ಧಾರವಾಡ.

ಬೆಳಿಗ್ಗೆಯಿಂದ ಕಪ್ಪು ಬಟ್ಟೆಯದೇ ಚಿಂತೆ. ನಮ್ಮ ಹಿಂದಿನ ಕೋಣೆಯಲ್ಲಿ ಬಾಡಿಗೆಗಿರುವ ಕೃಷಿ ಕಾಲೇಜಿನ ವಿದ್ಯಾರ್ಥಿ ಕಮಾವು. ಅವನ ದೇಶ ಕೀನ್ಯಾಕ್ಕೆ ಇವತ್ತು ಸ್ವಾತಂತ್ರ್ಯ ಬಂತು. ಬಾವುಟ ಹೊಲಿದುಕೊಡಲು ಒಪ್ಪಿಕೊಂಡಿದ್ದೆ. ಕೆಂಪು, ಹಸಿರು, ಬಿಳಿ ಮನೆಯಲ್ಲೇ ಸಿಕ್ಕವು. ಕಪ್ಪಿಗೆಂದು ಹಳೆಯ ಛತ್ರಿ ಹರಿಯಲು ಹೊರಟಾಗ ಅತ್ತೆ ತಡೆದರು.

“ಛಲೋ ದಿನಾ ಕರೀ ಅರಿವಿ ಯಾಕ ಬೇಕು?”

“ಅಜ್ಜೀ, ಅದು ನಮ್ಮ ಮಂದಿ ಬಣ್ಣರೀ,” ಎಂದ ಕಮಾವು, ತನ್ನ ಹರಕುಮುರುಕು ಕನ್ನಡದಲ್ಲಿ.

ಅತ್ತೆ ದಡಬಡನೆ ಎದ್ದು ಒಳಗೆ ಹೋದರು. ಸಿಟ್ಟಾದರೇನೋ ಎಂದುಕೊಂಡೆ. ಬಂದವರೇ ತಮ್ಮ ಚಂದ್ರಕಾಳಿಯನ್ನು ನನ್ನ ಮಡಿಲಿಗೆ ಹಾಕಿದರು. ಸಂಕ್ರಾಂತಿಗೆ ಬಿಟ್ಟರೆ ಟ್ರಂಕಿನಿಂದ ಹೊರಗೇ ಬರದ ಕಪ್ಪು ಸೀರೆ!

“ಕತ್ತರಿ ಹಾಕು. ಹದಿನೆಂಟು ಮೊಳದಾಗ ಒಂದು ಮೊಳ ಹೋದ್ರ ಏನಾತು? ಝೇಂಡಾಕ್ಕ ಯಾರರ ಹರಕ ಛತ್ರಿ ಹಚ್ತಾರೇನು?”

ಸಂಜೆ ಅಂಗಳದಲ್ಲಿ ಬಾವುಟ ಏರಿತು. ಕಮಾವು ತನ್ನ ಭಾಷೆಯಲ್ಲಿ ಹಾಡಿದ. ಒಂದು ಪದವೂ ತಿಳಿಯದಿದ್ದರೂ ಅತ್ತೆ ತಲೆತುಂಬ ಸೆರಗು ಹೊದ್ದು ಕೊನೆಯವರೆಗೂ ನಿಂತಿದ್ದರು. ಆಮೇಲೆ ಅವನ ಕಣ್ಣೊರೆಸಿ ಬಾಯಿಗೆ ಶಿರಾ ತುರುಕಿದರು.

ಅವನಿನ್ನೂ ಹಾಡುತ್ತಲೇ ಇದ್ದಾನೆ. ನಾಳೆ ಪರೀಕ್ಷೆಯಂತೆ. ದಿನಾ ಎಂಟಕ್ಕೆಲ್ಲ “ಗದ್ದಲ ಸಾಕು” ಎಂದು ಗದರುವ ಅತ್ತೆ ಇವತ್ತು ಹಾಸಿಗೆಯಲ್ಲಿ ತಾವೂ ಅದೇ ಧಾಟಿಯನ್ನು ಗುನುಗುತ್ತಿದ್ದಾರೆ.